ಅವರು ಹೆಣ್ಣು ನೋಡೋಕೆ ಬಂದವರಲ್ಲ

ನಮ್ಮನೇಲಿ ಸೋಫಾ ಇದ್ದದ್ದು ಒಂದೇ ಒಂದು ದಿನ. ಬೆಳಿಗ್ಗೆ ಪಕ್ಕದಲ್ಲೇ ಇರೋ ದೊಡ್ಡಪ್ಪನ ಮನೆಯಿಂದ ಹೊತ್ಕೊಂಡು ಬಂದ್ರು, ಸಾಯಂಕಾಲ ಹೊತ್ಕೊಂಡು ಹೋದ್ರು. ಮಧ್ಯದಲ್ಲಿ ಇಬ್ಬರು ಅದರ ಮೇಲೆ ಕೂತು ಒಬ್ಬಟ್ಟು ತಿಂದು ಎದ್ದು ಹೋದ್ರು. ಆ ಸೋಫಾದ ಬಾಡಿಗೆ ನಮ್ಮಪ್ಪ ಇವತ್ತಿಗೂ ಕಟ್ತಾ ಇದಾನೆ ಅಂದ್ರೆ ಅಮ್ಮನಿಗೆ ಸಿಟ್ಟು ಬರುತ್ತೆ. ಬರಲಿ. ನನಗೂ ಬರುತ್ತೆ.

ಮನೆ ಹಿತ್ತಲಿಂದ ಆವತಿ ಬೆಟ್ಟ ಕಾಣುತ್ತೆ, ತಲೆ ಎತ್ತಿದ್ರೆ ವಿಮಾನದ ಹೊಟ್ಟೆ ಕಾಣುತ್ತೆ. ಅಂಥ ಊರು ನಮ್ಮದು. ಅಪ್ಪ ಏರ್‌ಪೋರ್ಟ್ ರಸ್ತೆಯ ಒಂದು ಹೋಟೆಲಲ್ಲಿ ಹುಲ್ಲಿಗೆ ನೀರು ಬಿಡ್ತಾನೆ. ಹುಲ್ಲು ಅಂದ್ರೆ ದನ ಮೇಯೋ ಹುಲ್ಲಲ್ಲ, ರಿಸೆಪ್ಷನ್ ಮಾಡ್ಕೊಳ್ಳೋರು ನಿಂತು ಫೋಟೋ ತೆಗೆಸ್ಕೊಳ್ಳೋ ಹುಲ್ಲು. ಅಮ್ಮ ಎರಡು ಸೀಮೆಹಸು ಸಾಕ್ಕೊಂಡು ಡೈರಿಗೆ ಹಾಲು ಹಾಕ್ತಾಳೆ. ನಾನೊಬ್ಬಳೇ ಮಗಳು.

ಜಮೀನೂ ಇತ್ತು. ತಾತನ ಹೆಸರಲ್ಲಿ, ಪಾಲಾಗದೆ ಹಾಗೇ ಉಳಿದಿತ್ತು. ತಾತ ತೀರ್ಕೊಂಡ ಮೇಲೆ ಅದರಲ್ಲಿ ಅರ್ಧ ದೊಡ್ಡಪ್ಪಂದು, ಅರ್ಧ ನಮ್ಮಪ್ಪಂದು ಅಂತ ಊರಿಗೆಲ್ಲ ಗೊತ್ತು. ಆದ್ರೆ ಅನುಭವ ಪೂರಾ ದೊಡ್ಡಪ್ಪಂದು. ನೀಲಗಿರಿ ಹಾಕಿದ್ದ. ಕೆಲವು ವರ್ಷಕ್ಕೊಮ್ಮೆ ಮರ ಕಡಿಯೋರು ಬರ್ತಿದ್ರು, ದುಡ್ಡು ದೊಡ್ಡಪ್ಪನ ಮನೆಗೆ ಹೋಗ್ತಿತ್ತು, ಸೌದೆ ನಮ್ಮನೆಗೆ ಬರ್ತಿತ್ತು. ಅಪ್ಪ ಒಂದು ದಿನವೂ ಕೇಳಿದವನಲ್ಲ. 'ಅಣ್ಣ ಅಲ್ವಾ, ಎಲ್ಲಿಗೋಗುತ್ತೆ' ಅಂತಿದ್ದ. ಎಲ್ಲಿಗೆ ಹೋಯ್ತು ಅಂತ ಮುಂದೆ ಹೇಳ್ತೀನಿ.

ಆ ಯೂನಿವರ್ಸಿಟಿ ವಿಷಯ ಮೊದಲು ಹೇಳಿದ್ದು ದೇವನಹಳ್ಳಿಯ ಕಾಲೇಜಲ್ಲಿ ನಮಗೆ ಎಕನಾಮಿಕ್ಸ್ ಪಾಠ ಮಾಡ್ತಿದ್ದ ಸರ್. ಯೂನಿವರ್ಸಿಟಿ ಹೆಸರು ಬೇಡ ಬಿಡಿ. ಗೇಟಿಂದ ಕ್ಲಾಸಿಗೆ ಹೋಗೋಕೆ ಬ್ಯಾಟರಿ ಗಾಡಿ ಇರುತ್ತಲ್ಲ, ಮಂತ್ರಿಗಳ ಮಕ್ಕಳೂ ಫ್ಯಾಕ್ಟರಿ ಓನರ್ ಮಕ್ಕಳೂ ಓದ್ತಾರಲ್ಲ, ಅಂಥದ್ದು. ನಮ್ಮೂರಿಂದ ರೈಲಲ್ಲಿ ಹೋಗೋಷ್ಟು ದೂರ. ಒಂದು ವರ್ಷದ ಫೀಸು ನೋಡಿ ನಾನು ಮೊಬೈಲನ್ನ ಮೇಜಿನ ಮೇಲೆ ಮಗುಚಿ ಇಟ್ಟೆ. ಸರ್ ನಕ್ಕರು.

"ಅದು ಬೋರ್ಡಿನ ಮೇಲಿರೋ ರೇಟು ಕಣಮ್ಮ. ನಿಜವಾದ ರೇಟು ಮನೆಮನೆಗೂ ಬೇರೆ. ನಿಮ್ಮನೆಯೋರಿಗೆ ಎಷ್ಟು ಕಟ್ಟೋ ಶಕ್ತಿ ಇದೆ ಅಂತ ಅವರೇ ವಿಚಾರಿಸಿ ಲೆಕ್ಕ ಹಾಕ್ತಾರೆ. ಶಕ್ತಿ ಇದ್ದಷ್ಟು ನೀವು ಕಟ್ಟೋದು, ಮಿಕ್ಕಿದ್ದು ಅವರೇ ಹಾಕ್ಕೊಳ್ಳೋದು. ಏನೂ ಶಕ್ತಿ ಇಲ್ಲ ಅಂದ್ರೆ ಊಟ, ಹಾಸ್ಟೆಲು ಎಲ್ಲಾ ಅವರದೇ. ಮಾರ್ಕ್ಸಿಗೆ ಕೊಡೋದಲ್ಲ ಇದು, ಕಷ್ಟಕ್ಕೆ ಕೊಡೋದು."

ಮನೆಗೆ ಬಂದು ಹೇಳಿದೆ. "ಕಷ್ಟಕ್ಕೆ ಕೊಡ್ತಾರೆ ಅಂದ್ರೆ ನಮ್ಮತ್ರ ಬೇಕಾದಷ್ಟೈತೆ, ತಗೊಂಡೋಗಕ್ಕೆ ಲಾರಿ ತರಕ್ಕೇಳು" ಅಂತ ಅಪ್ಪ ನಗಾಡಿದ. ಆವತ್ತು ಮೂರು ಜನಾನೂ ನಕ್ಕಿದ್ವಿ. ಪಾಪ, ನಮಗೇನು ಗೊತ್ತಿತ್ತು.

ಪರೀಕ್ಷೆ ಬರೆದೆ, ಇಂಟರ್‌ವ್ಯೂ ಕೊಟ್ಟೆ, ಸೀಟು ಸಿಕ್ತು. ಸಹಾಯ ಎಷ್ಟು ಕೊಡ್ತಾರೆ ಅನ್ನೋದು ಮಾತ್ರ ಬಾಕಿ ಇತ್ತು. ಅದು ಸಿಗದಿದ್ರೆ ಏನಾಗುತ್ತೆ ಅಂತ ನನಗೆ ಚೆನ್ನಾಗೇ ಗೊತ್ತಿತ್ತು. ದೊಡ್ಡಮ್ಮ ಆಗಲೇ ಹೊಸಕೋಟೆ ಕಡೆ ಒಂದು ಗಂಡು ನೋಡಿಟ್ಟಿದ್ಲು. ತರಕಾರಿ ಮಂಡಿ ಇದೆಯಂತೆ, ಒಳ್ಳೇ ಜನವಂತೆ. ಇರಬಹುದು. ನನಗೆ ಮಂಡಿ ಬೇಕಿರ್ಲಿಲ್ಲ, ಓದು ಬೇಕಿತ್ತು. ಬೇಕಿತ್ತು ಅಂದ್ರೆ ಹೇಗೆ, ಊಟ ಸೇರ್ತಿರ್ಲಿಲ್ಲ ಆ ದಿನಗಳಲ್ಲಿ.

ಒಂದು ದಿನ ಯೂನಿವರ್ಸಿಟಿಯಿಂದ ಫೋನು. ಮಾತಾಡಿದ ಮೇಡಂ ಬೆಂಗಳೂರಿನವರೇ, ಒಳ್ಳೇ ಕನ್ನಡ. "ಭಾನುವಾರ ನಿಮ್ಮ ಮನೆಗೆ ಬರ್ತೀವಮ್ಮ. ಮನೆ ನೋಡಿ, ಅಪ್ಪ ಅಮ್ಮನ ಜೊತೆ ಒಂದೆರಡು ಮಾತಾಡಿ ಹೋಗ್ತೀವಿ ಅಷ್ಟೇ. ಏನೂ ತಯಾರಿ ಮಾಡ್ಕೋಬೇಡಿ."

ಅಮ್ಮ ಹಾಲು ಕರೀತಿದ್ದವಳು ಚೊಂಬು ಹಿಡ್ಕೊಂಡೇ ಎದ್ದು ಬಂದ್ಲು. "ಮನೆ ನೋಡಕ್ ಬರ್ತಾರಂತಾ? ಅಪ್ಪ ಏನ್ಮಾಡ್ತಾನೆ, ಜಮೀನೆಷ್ಟು, ಎಲ್ಲಾ ಕೇಳ್ತಾರಂತಾ? ಎಷ್ಟ್ ಜನ ಬರ್ತಾರೆ?"

ಈ ಪ್ರಶ್ನೆಗಳೆಲ್ಲ ನಮ್ಮ ಕಡೆ ಯಾರು ಕೇಳ್ತಾರೆ ಹೇಳಿ. ಗಂಡಿನ ಕಡೆಯವರು. ಹುಡುಗಿ ವಿಷಯಕ್ಕೆ ಗೊತ್ತಿಲ್ಲದವರು ಮನೆ ಬಾಗಿಲಿಗೆ ಬಂದು, ಒಳಗೆ ಕೂತು, ಗೋಡೆ ನೋಡಿ, ಹಟ್ಟಿ ನೋಡಿ, ಇದ್ದದ್ದು ಇಲ್ಲದ್ದು ಕೇಳಿಕೊಂಡು ಹೋಗೋದು ಅಂತ ಇದ್ರೆ ಅದೊಂದೇ ಸಂದರ್ಭ. ಬೇರೆ ಥರ ಬರೋರನ್ನ ಅಮ್ಮ ನೋಡೇ ಇರ್ಲಿಲ್ಲ. ಬರೋರು ಬರ್ತಾರೆ ಅಂದ್ರೆ ಏನು ಮಾಡ್ಬೇಕು ಅನ್ನೋದು ಅವಳ ಕೈಗೇ ಗೊತ್ತಿತ್ತು, ತಲೆನ ಕೇಳೋ ಅಗತ್ಯವೇ ಇರ್ಲಿಲ್ಲ.

"ಅಮ್ಮಾ, ಅವ್ರು ಬರೋದು ನಮಗೆಷ್ಟು ಕಷ್ಟ ಇದೆ ಅಂತ ನೋಡಕ್ಕೆ. ಇದ್ದಂಗೇ ಇರಣ" ಅಂದೆ.

"ಇದ್ದಂಗೇ ಇದ್ರೆ ಯಾರ್ ಕೊಡ್ತಾರೆ ಲೇ? ಇಲ್ಲದೋರ ಮನೆಗೆ ಯಾರಾದ್ರೂ ತಂದ್ ಕೊಟ್ಟಿದ್ದು ನೋಡಿದೀಯಾ ನೀನು? ಬ್ಯಾಂಕಿನೋರು ಯಾರಿಗೆ ಕೊಡ್ತಾರೆ? ಇದ್ದೋರಿಗೆ. ಸೊಸೈಟಿನೋರು? ಇದ್ದೋರಿಗೆ. ಇಲ್ಲ ಇಲ್ಲ ಅಂತ ಕೂತ್ರೆ ನಾಯಿನೂ ಮೂಸಲ್ಲ. ಬಂದೋರ ಮುಂದೆ ಮರ್ವಾದೆ ಕಳೀಬೇಡ ಸುಮ್ನಿರು."

ಅವಳ ಮಾತಿಗೆ ಎದುರು ಹೇಳೋಕೆ ನಮ್ಮ ಊರಲ್ಲಿ ಒಂದು ಉದಾಹರಣೆನೂ ಸಿಗ್ಲಿಲ್ಲ ನನಗೆ.

ಆ ಭಾನುವಾರ ನಮ್ಮನೆ ನಮ್ಮನೆಯಾಗಿರ್ಲಿಲ್ಲ. ಸೋಫಾ ಬಂತು, ಅದರ ಹಿಂದೆ ಪರದೆ ಬಂತು, ಟೀಪಾಯಿ ಬಂತು. ಗೋಡೆಯ ಪೇಂಟು ಉದುರಿದ ಕಡೆಗೆ ದೊಡ್ಡಪ್ಪನ ಮನೆಯ ದೊಡ್ಡ ಗಡಿಯಾರ ನೇತುಹಾಕಿದ್ರು. ದೊಡ್ಡಪ್ಪ ತನ್ನ ಬಿಳೀ ಕಾರನ್ನ ತೊಳೆಸಿ ನಮ್ಮ ಬಾಗಿಲಿಗೆ ತಂದು ನಿಲ್ಲಿಸಿದ. ಅಮ್ಮನ ಕತ್ತಲ್ಲಿ ದೊಡ್ಡಮ್ಮನ ಎರಡೆಳೆ ಸರ. ನನಗೆ ದೊಡ್ಡಮ್ಮಂದೇ ರೇಷ್ಮೆ ಸೀರೆ, ತಲೆ ತುಂಬ ಹೂವು. ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಅಂತಾರಲ್ಲ, ನಮ್ಮನೇಲಿ ಆವತ್ತು ಮಲ್ಲಿಗೆ ತೋಟವೇ ಇತ್ತು.

ಅಪ್ಪನ ಹತ್ರ ಒಂದು ಬಿಳಿ ಅಂಗಿ ಇದೆ. ತುಂಬುತೋಳಿಂದು. ಮದುವೆಗೆ, ಓಟು ಹಾಕೋ ದಿನಕ್ಕೆ ಬಿಟ್ರೆ ಟ್ರಂಕಿಂದ ಆಚೆ ಬರಲ್ಲ. ಆವತ್ತು ಅದಕ್ಕೆ ಗಂಜಿ ಹಾಕಿ ಇಸ್ತ್ರಿ ಮಾಡಿಸ್ಕೊಂಡು ಬಂದಿದ್ದ. ಆ ಅಂಗಿ ತೊಟ್ರೆ ಅಪ್ಪನ ಬೆನ್ನು ನೆಟ್ಟಗಾಗುತ್ತೆ. ಹೋಟೆಲಿನ ಪೈಪು ಹಿಡ್ಕೊಂಡು ಬಗ್ಗಿರೋ ಮನುಷ್ಯ ಇವನೇನಾ ಅನ್ನಿಸುತ್ತೆ. ನನಗೆ ಅವನನ್ನ ಆ ಅಂಗಿಯಲ್ಲಿ ನೋಡೋಕೆ ಯಾವಾಗ್ಲೂ ಖುಷಿ. ಆವತ್ತು ಮಾತ್ರ ಅವನ ಕಡೆ ನೋಡದೆ ಅಡುಗೆ ಮನೆಗೆ ಹೋದೆ.

ಮೇಡಂ ಬಂದ್ರು, ಜೊತೆಗೊಬ್ಬ ಆಫೀಸಿನವನು. ಕೂತ್ಕೊಳ್ಳೋಕೆ ಮುಂಚೆ ಬಾಗಿಲಲ್ಲಿ ನಿಂತು ಕಾರು ನೋಡಿದ್ರು. "ಕಾರು ನಿಮ್ಮದಾ?"

ಅಪ್ಪ ಬಾಯಿ ತೆಗೆಯೋಕೆ ಮುಂಚೆ ದೊಡ್ಡಪ್ಪ ಅಂದ, "ನಮ್ಮನೇದೇ ಮೇಡಂ. ನಂದು ಅವಂದು ಅಂತ ಏನೂ ಇಲ್ಲ ನಮ್ಮಲ್ಲಿ."

"ಜಮೀನು?"

"ಇದೆ ಮೇಡಂ, ತಾತನ ಕಾಲದ್ದು. ಏರ್‌ಪೋರ್ಟಿಗೆ ಇಷ್ಟು ಹತ್ರ ಯಾರದ್ದೂ ಇಲ್ಲ. ಬಿಲ್ಡರ್‌ಗಳು ದಿನಾ ಬಂದು ಕೋಟಿ ಕೋಟಿ ಅಂತಾರೆ. ನಾವೇ ಕೊಟ್ಟಿಲ್ಲ. ನಮಗೇನ್ ಗತಿ ಇಲ್ವಾ?"

ನಾನು ಕಾಫಿ ಲೋಟ ಇಡೋ ನೆಪದಲ್ಲಿ ಅಡ್ಡ ಬಾಯಿ ಹಾಕಿದೆ. "ಮೇಡಂ, ಅಪ್ಪ ಹೋಟೆಲಲ್ಲಿ..." ಅನ್ನೋಷ್ಟರಲ್ಲಿ ಅಮ್ಮ ಕಣ್ಣು ಬಿಟ್ಲು. ದೊಡ್ಡಪ್ಪ ನಗ್ತಾ, "ಮನೇಲಿ ಕೂರೋಕೆ ಬೇಜಾರು ಅಂತ ಹೋಗ್ತಾನೆ ಮೇಡಂ, ಟೈಮ್ ಪಾಸ್‌ಗೆ" ಅಂದ. ಅಪ್ಪ ಬಿಳಿ ಅಂಗಿಯೊಳಗೆ ನೆಟ್ಟಗೆ ಕೂತು ತಲೆ ಆಡಿಸಿದ. ಅಣ್ಣನ ಮಾತನ್ನ ಹೊರಗಿನವರ ಮುಂದೆ ಸುಳ್ಳು ಮಾಡೋದು ಅವನಿಂದ ಆಗದ ಕೆಲಸ. ಟೈಮ್ ಪಾಸಂತೆ. ಬೆನ್ನು ನೋವಿಗೆ ಸಂಜೆಹೊತ್ತು ಬಿಸಿನೀರಿನ ಬಾಟಲಿ ಇಟ್ಕೊಂಡು ಮಲಗೋ ಟೈಮ್ ಪಾಸು.

ಒಬ್ಬಟ್ಟು ತುಂಬ ಚೆನ್ನಾಗಿದೆ ಅಂದ್ರು ಮೇಡಂ. ಹೋಗೋವಾಗ ಅಮ್ಮ ಅರಿಶಿನ ಕುಂಕುಮ ಕೊಟ್ಟು, ಬ್ಲೌಸ್ ಪೀಸು ಕೊಟ್ಟು, ಹಿತ್ತಲ ಚಕ್ಕೋತ ಹಣ್ಣನ್ನ ಅವರ ಕಾರಲ್ಲಿ ಇಡಿಸಿದ್ಲು. ಅವರು ಹೋದ ಮೇಲೆ ಸೋಫಾದ ಮೇಲೆ ಕೂತು, "ಒಪ್ಕೊಂಡ್ರು ಕಣೇ, ಮುಖ ನೋಡಿದ್ರೆ ಗೊತ್ತಾಗಲ್ವಾ" ಅಂದ್ಲು.

ಒಪ್ಕೊಂಡ್ರು. ನಾವು ಹೇಳಿದ್ದನ್ನೆಲ್ಲ ಒಪ್ಕೊಂಡ್ರು. ಆಮೇಲೆ ಬಂದ ಈಮೇಲಲ್ಲಿ ನನ್ನ ಸಾಮರ್ಥ್ಯ ಹೊಗಳಿ, ಕುಟುಂಬದ ಸ್ಥಿತಿಗತಿ ಪರಿಶೀಲಿಸಲಾಗಿ ಹೆಚ್ಚಿನ ಸಹಾಯದ ಅಗತ್ಯ ಕಂಡುಬಂದಿಲ್ಲ ಅಂತ ಬರೆದಿದ್ರು. ಹೆಚ್ಚುಕಮ್ಮಿ ಪೂರ್ತಿ ಫೀಸು ನಾವೇ ಕಟ್ಟಬೇಕು. ಅಮ್ಮ ಅಡುಗೆ ಮನೆ ಮೂಲೆಯಲ್ಲಿ ಕೂತು ಅತ್ಲು. ನನಗೆ ಅವಳ ಮೇಲೆ ಎಷ್ಟು ಕೋಪ ಬಂತು ಅಂದ್ರೆ ಸಮಾಧಾನ ಮಾಡೋಕೂ ಹೋಗ್ಲಿಲ್ಲ.

ಕಾಲೇಜಿನ ಸರ್ ಹತ್ರ ಓಡಿದೆ. ಅವರು ತಲೆ ಚಚ್ಕೊಂಡು, ಮತ್ತೆ ಮನವಿ ಹಾಕಿಸಿದ್ರು. ಯೂನಿವರ್ಸಿಟಿಯವರು ಆಗಲಿ ಅಂದ್ರು, ಆದ್ರೆ ಆ ಜಮೀನಿಂದ ಅಪ್ಪನಿಗೆ ಆದಾಯವಿಲ್ಲ ಅನ್ನೋದಕ್ಕೆ ಏನಾದ್ರೂ ಪತ್ರ ಕೊಡಿ ಅಂದ್ರು. ಗಡುವು ಹತ್ರ ಇತ್ತು. ಅಪ್ಪ ದೊಡ್ಡಪ್ಪನ ಮನೆಗೆ ಹೋದ, ನಾನೂ ಹಿಂದೆ ಹೋದೆ.

ದೊಡ್ಡಪ್ಪ ಅದೇ ಸೋಫಾದ ಮೇಲೆ ಕಾಲ್ಮೇಲೆ ಕಾಲ್ಹಾಕ್ಕೊಂಡು ಕೂತಿದ್ದ. "ಅಣ್ಣ, ಜಮೀನಿಂದ ನಂಗೇನೂ ಬರ್ತಿಲ್ಲ ಅಂತ ಒಂದ್ ಕಾಗದ ಬರ್ಕೊಡು ಸಾಕು" ಅಂದ ಅಪ್ಪ.

"ಹೆಂಗ್ ಬರ್ಕೊಡ್ಲೋ? ಅರ್ಧ ನಿಂದು ಅಂತ ಊರಿಗೇ ಗೊತ್ತು. ನಾಳೆ ಅವ್ರು ಪಹಣಿ ತೆಗೆಸಿ ವಂಶವೃಕ್ಷ ನೋಡಿದ್ರೆ? ಸುಳ್ ಹೇಳಿದ್ರು ಅಂತ ಹುಡುಗೀನ ಮಧ್ಯದಲ್ಲಿ ಆಚೆ ಹಾಕಿದ್ರೆ? ಸುಳ್ಳು ಬೇಡ. ನಿಜಾನೇ ಮಾಡ್ಬಿಡಣ. ನಂಗೆ ಹಕ್ಕು ಬಿಟ್ಕೊಟ್ಟಂಗೆ ರಿಜಿಸ್ಟರ್ ಮಾಡ್ಸು. ನಿಂಗೇನೂ ಇಲ್ಲ ಅಂತ ಸರ್ಕಾರನೇ ಹೇಳುತ್ತೆ, ಆಗ ಯಾರೇನ್ ಕೇಳ್ತಾರೆ? ಅವಳ ಓದು ಮುಗೀಲಿ, ವಾಪಸ್ ನಿನ್ನ ಹೆಸರಿಗೆ ಮಾಡ್ಕೊಡ್ತೀನಿ. ನಾನೇನ್ ಬೇರೆಯವನೇನೋ?"

ದೇವರು ವರ ಕೊಟ್ರೂ ಪೂಜಾರಿ ಕೊಡ ಅಂತಾರೆ. ನಮ್ಮ ಪೂಜಾರಿ ಕೊಟ್ಟ, ಆದ್ರೆ ದೇವಸ್ಥಾನ ಬರೆಸ್ಕೊಂಡು ಕೊಟ್ಟ.

ಅಪ್ಪ ಆ ರಾತ್ರಿ ಊಟ ಮಾಡ್ಲಿಲ್ಲ. ಬೆಳಿಗ್ಗೆ ಎದ್ದು, "ನಡಿ ಮಗಾ" ಅಂದ. "ಬೇಡಪ್ಪ, ಬೇರೆ ಏನಾದ್ರೂ ದಾರಿ ಸಿಗುತ್ತೆ" ಅಂದೆ. "ಯಾವ್ ದಾರಿ? ಮಂಡಿ ದಾರೀನಾ?" ಅಂದ.

ದೇವನಹಳ್ಳಿ ಸಬ್ ರಿಜಿಸ್ಟ್ರಾರ್ ಆಫೀಸಲ್ಲಿ ಜಾತ್ರೆ ಥರ ಜನ. ಹೆಣ್ಣುಮಕ್ಕಳಿಗೂ ಪಾಲಿರುತ್ತೆ, ಹದಿನೆಂಟು ತುಂಬಿದೆ, ನನ್ನ ಸಹೀನೂ ಬೇಕು ಅಂದ್ರು ವಕೀಲರು. ಅಪ್ಪ ಸಹಿ ಹಾಕಿದ, ನಾನು ಸಹಿ ಹಾಕಿದೆ, ಇಬ್ಬರೂ ಮೆಷಿನ್ ಮೇಲೆ ಹೆಬ್ಬೆಟ್ಟಿಟ್ಟು ಕ್ಯಾಮೆರಾ ನೋಡಿದ್ವಿ. ಪಾಲು ಬಿಟ್ಟುಕೊಟ್ಟ ಹೆಣ್ಣುಮಗಳಿಗೆ ಅರಿಶಿನ ಕುಂಕುಮಕ್ಕೆ ಅಂತ ಸೀರೆ ಕೊಡೋದು ನಮ್ಮ ಕಡೆ ಪದ್ಧತಿ. ದೊಡ್ಡಮ್ಮ ಅಲ್ಲೇ ಕಾರಿಡಾರಲ್ಲಿ ನನಗೆ ಸೀರೆ ಕೊಟ್ಲು. ಅವಳೇ ಉಟ್ಟು ಬಿಟ್ಟ ರೇಷ್ಮೆ, ಆ ಭಾನುವಾರ ನಾನು ಉಟ್ಟಿದ್ದೇ ಸೀರೆ. ಆಮೇಲೆ ದೊಡ್ಡಪ್ಪ ಎಲ್ಲರಿಗೂ ಮಸಾಲೆ ದೋಸೆ ಕೊಡಿಸಿದ. ಅಪ್ಪ ತಿಂದ. ಅದನ್ನ ನೆನೆಸ್ಕೊಂಡ್ರೆ ನನಗೆ ಇವತ್ತೂ ಮೈ ಉರಿಯುತ್ತೆ.

ಪೂರ್ತಿ ಸಹಾಯ ಸಿಕ್ತು. ಸರ್ ಹೇಳಿದ್ದು ನಿಜವೇ ಆಯ್ತು. ಫೀಸಿಲ್ಲ, ಹಾಸ್ಟೆಲಿಗಿಲ್ಲ, ಊಟಕ್ಕಿಲ್ಲ, ಓದೋಕೆ ಒಂದು ಲ್ಯಾಪ್‌ಟಾಪು ಸಹ ಕೊಟ್ರು. ಸುಳ್ಳು ಯಾಕೆ ಹೇಳ್ಲಿ, ಆ ಲೈಬ್ರರಿಯಲ್ಲಿ ಕೂತಾಗ ನನಗೆ ಸ್ವರ್ಗ ಅನ್ನಿಸಿದೆ. ಅಲ್ಲಿ ಯಾರೂ ನನ್ನನ್ನ ಕೀಳಾಗಿ ನೋಡ್ಲಿಲ್ಲ. ನನ್ನ ರೂಮಿನ ಹುಡುಗಿ, ಜಯನಗರದವಳು, ಅವರಪ್ಪ ಪೂರ್ತಿ ಫೀಸು ಕಟ್ಟೋರು, ಒಂದಿನ "ಲಕ್ಕಿ ಕಣೇ ನೀನು, ನಿಂಗೆಲ್ಲಾ ಫ್ರೀ" ಅಂದ್ಲು. ಒಳ್ಳೇ ಮನಸ್ಸಿಂದಲೇ ಅಂದಿದ್ದು. ನಾನು ಎದ್ದು ಹೋಗಿ ಬಾತ್‌ರೂಮಲ್ಲಿ ನಲ್ಲಿ ಬಿಟ್ಕೊಂಡು ನಿಂತಿದ್ದೆ.

ಮೊದಲ ವರ್ಷವೇ ಒಂದು ಸಲ ಆ ಮೇಡಂ ಕ್ಯಾಂಪಸ್ಸಲ್ಲಿ ಸಿಕ್ಕಿದ್ರು. ನನ್ನ ಗುರುತು ಹಿಡಿದು, "ನಿಮ್ಮಮ್ಮನ ಒಬ್ಬಟ್ಟು ಇನ್ನೂ ನೆನಪಿದೆ" ಅಂದ್ರು. ನನಗೆ ತಡೆಯೋಕಾಗ್ಲಿಲ್ಲ. ನಡೆದಿದ್ದೆಲ್ಲ ಹೇಳ್ಬಿಟ್ಟೆ. ಅವರ ಮುಖ ಬಿಳಿಚಿತು.

"ಅಯ್ಯೋ, ನಾವು ಹಾಗೆ ಕೇಳಿರ್ಲಿಲ್ಲವಲ್ಲಮ್ಮ. ನಿಮ್ಮ ಕಾಲೇಜಿನ ಸರ್ ಒಂದು ಕಾಗದ ಬರೆದು ಸಹಿ ಮಾಡಿದ್ರೆ ಸಾಕಿತ್ತು. ನಿಮ್ಮಪ್ಪನೇ ಬರೆದಿದ್ರೂ ಸಾಕಿತ್ತು."

ಅಪ್ಪನೇ ಬರೆದಿದ್ರೂ ಸಾಕಿತ್ತಂತೆ. ಅಪ್ಪನ ಮಾತಿಗೆ ಅಷ್ಟು ಬೆಲೆ ಇರುತ್ತೆ ಅಂತ ನಮ್ಮನೇಲಿ ಯಾರಿಗೆ ತಾನೇ ಹೊಳೀಬೇಕು? ಪತ್ರ ಅಂದ್ರೆ ಛಾಪಾ ಕಾಗದ, ಸಾಕ್ಷಿ ಅಂದ್ರೆ ಅಣ್ಣ, ಸತ್ಯ ಅಂದ್ರೆ ರಿಜಿಸ್ಟರ್ ಆಗಿರೋದು. ಇಷ್ಟೇ ಗೊತ್ತಿದ್ದದ್ದು ನಮಗೆ. ಮೇಡಂ ತಪ್ಪು ಮಾಡಿರ್ಲಿಲ್ಲ. ಕೈಗೆ ಸಿಗೋ ಒಬ್ಬ ತಪ್ಪಿತಸ್ಥನೂ ಇಲ್ಲದಿದ್ರೆ ಕೋಪಕ್ಕೆ ಕೂರೋಕೆ ಜಾಗ ಇರಲ್ಲ ನೋಡಿ. ಈ ಮಾತನ್ನ ನಾನು ಮನೇಲಿ ಇವತ್ತಿಗೂ ಹೇಳಿಲ್ಲ.

ಸಹಾಯ ಒಂದು ಸಲ ಕೊಟ್ಟು ಸುಮ್ಮನಾಗಲ್ಲ ಅವರು, ವರ್ಷ ವರ್ಷ ವಿಚಾರಿಸ್ತಾರೆ. ಸ್ಥಿತಿ ಸುಧಾರಿಸಿದ್ಯಾ ಅಂತ ವಿಡಿಯೋ ಕಾಲಲ್ಲಿ ಅಪ್ಪನ ಜೊತೆ ಮಾತಾಡ್ತಾರೆ. ಸೋಫಾದಿಂದ ಪಾಠ ಕಲಿತ ಅಮ್ಮ ಈ ಸಲ ಉಲ್ಟಾ ಹೊಡೆದ್ಲು. ಕಾಲ್ ಬರೋ ದಿನ ಫ್ರಿಜ್ಜಿಗೆ ಗೋಣಿಚೀಲ ಹೊದಿಸೋಳು, ಕಿವಿಯ ಓಲೆ ಬಿಚ್ಚಿಡೋಳು. ಅಪ್ಪ ನೆಲದ ಮೇಲೆ ಕೂರ್ತಿದ್ದ, ಭುಜದ ಹತ್ರ ಹರಿದಿರೋ ಬನಿಯನ್ನಲ್ಲಿ. "ಏನೂ ಇಲ್ಲ ಮೇಡಂ. ಏನೂ ಬಂದಿಲ್ಲ ಮೇಡಂ." ನಾನು ಹಾಸ್ಟೆಲಿಂದ ಅದೇ ಕಾಲಲ್ಲಿ ಇರ್ತಿದ್ದೆ. ಆ ಬನಿಯನ್ ನೋಡಿ, ಯಾವ ಓದೂ ಬೇಡ ಅನ್ನಿಸ್ತಿತ್ತು. ಕಾಲ್ ಮುಗಿದ ಮೇಲೆ ಮತ್ತೆ ಲೈಬ್ರರಿಗೆ ಹೋಗ್ತಿದ್ದೆ.

ಎರಡನೇ ವರ್ಷ ದೊಡ್ಡಪ್ಪ ಜಮೀನು ಮಾರಿದ. ನೀಲಗಿರಿ ಬುಡ ಕಿತ್ತು ಜೆಸಿಬಿ ಹೊಡೆಸಿ ಲೇಔಟ್ ಮಾಡಿದ್ರು, ಕಲ್ಲು ನೆಟ್ರು. ಅಪ್ಪ ಕೇಳೋಕೆ ಹೋದನಂತೆ. ಆ ಅಣ್ಣ ಅನ್ನಿಸ್ಕೊಂಡೋನು ಏನಂದ ಗೊತ್ತಾ? "ಮಗಳಿಗೆ ಅಷ್ಟು ದೊಡ್ಡ ಓದು ಸಿಗ್ತಲ್ಲೋ. ಅದೇ ನಿನ್ ಪಾಲು ಅನ್ಕೋ." ಅವನ ಬಾಯಿಗೆ ಮಣ್ಣು ಹಾಕ. ಕೋರ್ಟಿಗೆ ಹೋಗಣ ಅಂತ ನಾನು ಫೋನಲ್ಲಿ ಕಿರುಚಿದೆ. ಅಪ್ಪ, "ಬೇಡ ಮಗಾ. ಕೇಸ್ ಹಾಕಿದ್ರೆ ನಮಗೂ ಹಕ್ಕೈತೆ ಅಂದಂಗಾಗುತ್ತೆ. ಅಲ್ಲಿ ನಿನ್ ಸೀಟಿಗೆ ಏನಾದ್ರೂ ಆದ್ರೆ?" ಅಂದ. ಆ ವರ್ಷದ ಫಾರ್ಮಲ್ಲಿ ಜಮೀನು ಮಾರಿದ ವಿಷಯ ನಾನೇ ಬರೆದಿದ್ದೆ, ವಿಡಿಯೋ ಕಾಲಲ್ಲಿ ಅದರಲ್ಲಿ ಏನಾದ್ರೂ ಬಂತಾ ಅಂತ ಕೇಳಿದ್ರು. "ಏನೂ ಬಂದಿಲ್ಲ ಮೇಡಂ" ಅಂದ. ಬೇರೆ ವರ್ಷಗಳಿಗಿಂತ ಸ್ವಲ್ಪ ಜೋರಾಗಿ ಅಂದ.

ಈ ವರ್ಷ ನನ್ನ ಪದವಿ ಪ್ರದಾನ. ಅಪ್ಪ ಅಮ್ಮ ಇಬ್ಬರಿಗೂ ರೈಲಿನ ಟಿಕೆಟ್ಟು ಯೂನಿವರ್ಸಿಟಿನೇ ಕಳಿಸ್ತು. ಹಸುಗಳನ್ನ ಯಾರಿಗೆ ಬಿಡೋದು ಅಂತ ಅಮ್ಮ ಬರಲ್ಲ ಅಂದ್ಲು. ಹೊರಡೋ ಹಿಂದಿನ ದಿನ ಅಪ್ಪ ಫೋನ್ ಮಾಡಿದ.

"ಮಗಾ, ಒಂದ್ ಮಾತು. ಆ ಬಿಳಿ ಅಂಗಿ ಐತಲ್ಲ, ಅದು ಹಾಕ್ಕೊಂಡ್ ಬಂದ್ರೆ ಏನೂ ತೊಂದ್ರೆ ಆಗಲ್ವಾ?"

"ಏನ್ ತೊಂದ್ರೆ ಅಪ್ಪ?"

"ಅಲ್ಲ, ನೋಡಿದೋರು ಅನುಕೂಲಸ್ಥರು ಅನ್ಕೊಂಡು... ಡಿಗ್ರಿ ಗಿಗ್ರಿ ಹಿಡ್ಕೊಂಡ್ಬಿಟ್ರೆ?"

"ಹಾಕ್ಕೊಂಡೇ ಬಾ ಅಪ್ಪ" ಅಂದೆ.

ಬಂದ. ಸ್ಟೇಷನ್ನಿಗೆ ಹೋಗಿದ್ದೆ. ಹೋಟೆಲಿನವರು ಕೊಟ್ಟಿರೋ ಹಸಿರು ಯೂನಿಫಾರ್ಮ್ ಅಂಗಿಯಲ್ಲಿ, ತೋಳಿನ ಹತ್ರ ಬಣ್ಣ ಹೋಗಿರೋದ್ರಲ್ಲಿ, ಬ್ಯಾಗನ್ನ ಎದೆಗೆ ಅಪ್ಪಿಕೊಂಡು ಇಳಿದ. ನಾನು ಅಂಗಿ ಕಡೆ ನೋಡಿದ್ದು ಅವನಿಗೆ ಗೊತ್ತಾಯ್ತು. ಬ್ಯಾಗಿನ ಜಿಪ್ಪು ಸ್ವಲ್ಪ ಎಳೆದು ತೋರಿಸಿದ. ಒಳಗೆ ಪೇಪರಲ್ಲಿ ಸುತ್ತಿದ ಬಿಳಿ ಅಂಗಿ, ಗಂಜಿ ಹಾಕಿ ಇಸ್ತ್ರಿ ಮಾಡಿದ್ದು.

"ತಂದಿದೀನಿ ಮಗಾ. ಮೊದ್ಲು ಡಿಗ್ರಿ ನಿನ್ ಕೈಗೆ ಬರ್ಲಿ" ಅಂದ. "ಆಮೇಲೆ ಹಾಕ್ಕೋತೀನಿ."